ಕನ್ನಡಿಯೆದುರು ಏಡ್ರಿಯನ್ ಪೈಪರ್

ಕೇಳುಗರಿಗೆ ನಮಸ್ಕಾರ.

ಒಂದು ಚೀಟಿಯಿಂದ ಮಾತು ತೆಗೆಯುತ್ತೇನೆ. ವಿಸಿಟಿಂಗ್ ಕಾರ್ಡಿನಷ್ಟೇ ಅಗಲದ್ದು. ಅಮೆರಿಕದ ಕಲಾವಿದೆ ಏಡ್ರಿಯನ್ ಪೈಪರ್ ಅದನ್ನು 1986ರಲ್ಲಿ ಅಚ್ಚು ಹಾಕಿಸಿದರು. ಔತಣಕೂಟದಲ್ಲಿ ಯಾರಾದರೂ ಕಪ್ಪು ಜನರನ್ನು ಹೀಗಳೆದು ನಕ್ಕರೆ, ದನಿಯೇರಿಸದೆ ಅದನ್ನು ಅವರ ಕೈಗಿಡುವುದು. ‘ನಾನು ಕಪ್ಪು ಜನಾಂಗದವಳು, ನಿಮಗದು ತಿಳಿದಿರಲಿಕ್ಕಿಲ್ಲ’ ಎಂಬ ಅರ್ಥದ ಒಕ್ಕಣೆ. ನನ್ನಿಂದ ನಿಮಗಾದ ಮುಜುಗರಕ್ಕೆ ವಿಷಾದವಿದೆ, ನಿಮ್ಮ ವರ್ಣದ್ವೇಷದಿಂದ ನನಗಾದ ಮುಜುಗರಕ್ಕೆ ನಿಮಗೂ ವಿಷಾದವಿದ್ದೀತು ಎಂದು ಕೊನೆಗೆ ಸೇರಿಸಿದ್ದಾರೆ. ಆ ವಿನಯದೊಳಗಿನ ಮೊನೆ ನನಗೆ ಬಹಳ ಇಷ್ಟ.

ಚೀಟಿಯ ಅಗತ್ಯ ಬಿದ್ದದ್ದೇಕೆ? ಪೈಪರ್ ಅವರದು ತಿಳಿ ಮೈಬಣ್ಣ. ನೋಡಿದವರು ಬಿಳಿಯಳೆಂದೇ ಬಗೆದು ನಾಲಗೆ ಸಡಿಲ ಬಿಡುತ್ತಿದ್ದರು. ನನ್ನ ಮುಖವೂ ಈಗ ನಿಮಗೆ ಕಾಣುತ್ತಿಲ್ಲ. ದನಿ ಕೇಳಿಯೇ ನೀವು ಏನೋ ಒಂದು ಊಹೆ ಮಾಡಿರುತ್ತೀರಿ.

1948ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಇವರು ಚಿತ್ರ, ಛಾಯಾಚಿತ್ರ, ವಿಡಿಯೊ, ಬೀದಿಯಲ್ಲಿನ ಅಭಿನಯ ಎಲ್ಲದಕ್ಕೂ ಕೈಹಾಕಿದವರು. ಹಾರ್ವರ್ಡಿನಲ್ಲಿ ಹೆಸರಾಂತ ತತ್ವಜ್ಞಾನಿ ಜಾನ್ ರಾಲ್ಸ್ ಮಾರ್ಗದರ್ಶನದಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದದ್ದು 1981ರಲ್ಲಿ. ಯೋಗಾಭ್ಯಾಸವಂತೂ ಹದಿಹರೆಯದಿಂದಲೇ.

1971ರ ಬೇಸಿಗೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಮನೆಯಲ್ಲಿ ಒಬ್ಬರೇ. ಉಪವಾಸ, ಯೋಗ, ಜೊತೆಗೆ ಜರ್ಮನ್ ದಾರ್ಶನಿಕ ಕಾಂಟ್‌ನ ತತ್ವಗ್ರಂಥ. ಓದಿನಲ್ಲಿ ಮುಳುಗಿದಷ್ಟೂ ‘ನಾನು’ ಎಂಬುದೇ ಕರಗಿಹೋಗುತ್ತಿದೆ ಎಂಬ ಭಯ ಹತ್ತಿತು. ಹಾಗಾದಾಗಲೆಲ್ಲ ಎದ್ದು ಕನ್ನಡಿಯೆದುರು ನಿಂತು, ತಾನಿನ್ನೂ ಇದ್ದೇನೆಯೇ ಎಂದು ನೋಡಿಕೊಂಡು, ಕ್ಯಾಮೆರಾ ಒತ್ತುತ್ತಿದ್ದರು. ಉಳಿದಿರುವ 14 ಚಿತ್ರಗಳೂ ಮಬ್ಬು; ಕೆಲವದರಲ್ಲಿ ಆಕೃತಿಯನ್ನು ಕತ್ತಲಿನಿಂದ ಹೆಕ್ಕಿ ತೆಗೆಯಬೇಕು. ಮನಸ್ಸು ಹಿಡಿತ ತಪ್ಪುವ ಭಯವನ್ನು ಇಷ್ಟು ಅಗ್ಗದ ಸಲಕರಣೆಯಲ್ಲಿ, ಇಷ್ಟು ಪ್ರಾಮಾಣಿಕವಾಗಿ ಹಿಡಿದಿಟ್ಟವರು ಅಪರೂಪ.

1988ರ ವಿಡಿಯೊ ಕೃತಿಯೊಂದರಲ್ಲಿ ಟಿ.ವಿ.ಯನ್ನು ಕೋಣೆಯ ಮೂಲೆಗೆ ಸರಿಸಿ, ಮುಂದೆ ಮೇಜೊಂದನ್ನು ಬುಡಮೇಲು ಮಾಡಿಟ್ಟಿದ್ದಾರೆ. ಗೋಡೆಯ ಮೇಲೆ ಅವರ ತಂದೆಯ ಎರಡು ಜನನಪತ್ರಗಳು. ಒಂದರಲ್ಲಿ ಆತ ಬಿಳಿಯ. ಇನ್ನೊಂದರಲ್ಲಿ ಎಂಟರಲ್ಲಿ ಒಂದು ಪಾಲು ಕಪ್ಪು. ಕೂಸು ಒಂದೇ, ಸರ್ಕಾರಿ ಕಾಗದ ಎರಡು! ಪರದೆಯ ಮೇಲೆ ಮುತ್ತಿನ ಸರ ತೊಟ್ಟ ಪೈಪರ್ ನೋಡುಗರಿಗೆ ಸಾವಧಾನವಾಗಿ ಹೇಳುತ್ತಾರೆ: ಬಿಳಿಯರೆನಿಸಿಕೊಂಡ ಬಹಳ ಮಂದಿಗೆ ಕಪ್ಪು ಪೂರ್ವಿಕರಿದ್ದಾರೆ, ನೀವೂ ಅವರಲ್ಲೊಬ್ಬರಿರಬಹುದು, ಈಗ ಏನು ಮಾಡುತ್ತೀರಿ?

2005ರಲ್ಲಿ ಬರ್ಲಿನ್‌ಗೆ ಹೋಗಿ ಅಲ್ಲೇ ನೆಲೆಸಿದರು. 2015ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಚಿನ್ನದ ಸಿಂಹ ಪ್ರಶಸ್ತಿಯೂ ಬಂತು. ಅದಕ್ಕೂ ಮುಂಚೆ, 2012ರಲ್ಲಿ, 64ನೆಯ ಹುಟ್ಟುಹಬ್ಬಕ್ಕೆ ಒಂದು ಪ್ರಕಟಣೆ ಹೊರಡಿಸಿದ್ದರು: ತಾನು ಕಪ್ಪುತನದಿಂದ ನಿವೃತ್ತಳಾಗಿದ್ದೇನೆ. ಹದಿನಾರರಲ್ಲಿ ಒಂದು ಪಾಲು ಆಫ್ರಿಕದ ರಕ್ತಕ್ಕೆ ಗೌರವವಾಗಿ ಇನ್ನು ಮುಂದೆ ತನ್ನ ಬಣ್ಣ ಶೇಕಡಾ 6.25ರಷ್ಟು ಬೂದು.

ನಮಸ್ಕಾರ.