ಆಕ್ರಮಣಕಾರರು ಯಾರು? ಚಿತ್ರಕಥೆಗಾರ ತೆತ್ಸುವೊ ಕಿಂಜೋ

(ತೆರೆಯ ಮೇಲೆ: ರಾತ್ರಿಯ ಸಮುದ್ರ. ಅಲೆಗಳ ಸದ್ದು ಮಾತ್ರ.)

1968ರ ಜುಲೈ 21, ಭಾನುವಾರ. ಜಪಾನಿನ ಮಕ್ಕಳು ಎಂದಿನಂತೆ, ಅನ್ಯಗ್ರಹದ ಆಕ್ರಮಣಕಾರರಿಂದ ಭೂಮಿಯನ್ನು ಕಾಯುವ ನಾಯಕನ ‘ಅಲ್ಟ್ರಾಸೆವೆನ್’ ಧಾರಾವಾಹಿ ನೋಡಲು ಟಿವಿಯ ಮುಂದೆ ಕುಳಿತಿದ್ದರು. ಅಂದಿನ 42ನೇ ಕಂತಿನಲ್ಲಿ ಕಡಲ ದಂಡೆಯ ಮೇಲೆ ಕಾಣಿಸಿಕೊಳ್ಳುವ ಹುಡುಗನೊಬ್ಬ, ಭೂಮಿಯ ಮೂಲನಿವಾಸಿಗಳು ನೋನ್‌ಮಾಲ್ಟ್ ಎಂಬ ಜನರೆಂದೂ ಅವರನ್ನು ಸಮುದ್ರದ ತಳಕ್ಕೆ ಅಟ್ಟಿದವರು ಮನುಷ್ಯರೇ ಎಂದೂ ಹೇಳುತ್ತಾನೆ. ಭೂರಕ್ಷಣಾ ದಳದ ಕ್ಯಾಪ್ಟನ್ ಕಿರಿಯಾಮ, ನೀರಿನಡಿಯ ನಗರ ಕಣ್ಣಿಗೆ ಬಿದ್ದಾಗ ಒಂದು ಕ್ಷಣ ತಡೆಯುತ್ತಾನೆ: ಹಾಗಾದರೆ ಆಕ್ರಮಣಕಾರರು ನಾವೇನು? ಮರುಕ್ಷಣವೇ ಆ ನಗರವನ್ನು ಪುಡಿಗಟ್ಟಿಸಿ, ಕಡಲ ತಳವೂ ಇನ್ನು ಮನುಷ್ಯರದೇ ಎಂದು ಸಾರುತ್ತಾನೆ. ಆ ಹುಡುಗ ಎರಡು ವರ್ಷಗಳ ಹಿಂದೆಯೇ ಕಡಲಿನಲ್ಲಿ ಸತ್ತಿದ್ದನೆಂಬುದು ನಮಗೆ ಕೊನೆಯಲ್ಲಿ ತಿಳಿಯುತ್ತದೆ.

ಇದು ಪ್ರಸಾರವಾದಾಗ, ಇದನ್ನು ಬರೆದ ತೆತ್ಸುವೊ ಕಿಂಜೋ ಅವರಿಗೆ ಮೂವತ್ತು ವರ್ಷ. 1938ರಲ್ಲಿ ಟೋಕಿಯೋದಲ್ಲಿ ಹುಟ್ಟಿ ಓಕಿನಾವಾ ದ್ವೀಪದಲ್ಲಿ ಬೆಳೆದ ಅವರು 1945ರಲ್ಲಿ ಆ ದ್ವೀಪದಲ್ಲಿ ನಡೆದ ಯುದ್ಧವನ್ನು ಬಾಲ್ಯದಲ್ಲೇ ಕಂಡವರು. ಅವರ ತಾಯಿ ಆ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡರು. ಯುದ್ಧದ ನಂತರ 1972ರವರೆಗೆ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಓದಲೆಂದು ಟೋಕಿಯೋಗೆ ಬಂದ ಕಿಂಜೋ, ‘ಗಾಡ್ಜಿಲ್ಲಾ’ದ ವಿಶೇಷ ಪರಿಣಾಮಗಳ ರೂವಾರಿ ಎಯಿಜಿ ತ್ಸುಬುರಾಯ ಅವರ ಸಂಸ್ಥೆಯನ್ನು 1963ರಲ್ಲಿ ಸೇರಿದರು. ಅಲ್ಲಿ ಸಾಹಿತ್ಯ ವಿಭಾಗದ ಮುಖ್ಯಸ್ಥರಾಗಿ, 1966ರಲ್ಲಿ ಪ್ರಸಾರವಾದ ‘ಅಲ್ಟ್ರಾ ಕ್ಯೂ’, ‘ಅಲ್ಟ್ರಾಮ್ಯಾನ್’ ಧಾರಾವಾಹಿಗಳೆರಡಕ್ಕೂ ಕಥಾಸೂತ್ರ ಹಾಕಿದವರು ಅವರೇ. ತಾವು ಬರೆಯುವುದರ ಜೊತೆಗೆ ಉಳಿದ ಲೇಖಕರ ಕಥೆಗಳನ್ನೂ ಒಂದೇ ಲೋಕದ ಚೌಕಟ್ಟಿಗೆ ಹೊಂದಿಸಬೇಕಾದ ಕೆಲಸ ಅದು.

(ತೆರೆಯ ಮೇಲೆ: ಹಿಮ ಮುಚ್ಚಿದ ಬೆಟ್ಟ.)

‘ನೋನ್‌ಮಾಲ್ಟ್’ ಕಂತನ್ನು ಓಕಿನಾವಾದ ರೂಪಕವೆಂದು ಓದುವ ವಿಮರ್ಶಕರು ಅನೇಕರಿದ್ದಾರೆ. ಆ ಓದಿನಲ್ಲಿ ಹುರುಳಿದೆ. ಆದರೆ ಕಿಂಜೋ ಅವರ ಬರವಣಿಗೆಯನ್ನೆಲ್ಲ ಅದೊಂದೇ ಬೀಗದ ಕೈಯಿಂದ ತೆರೆಯಲು ಹೊರಟರೆ ಅವರ ನಿಜವಾದ ಕಸುಬು ಕೈತಪ್ಪುತ್ತದೆ. ‘ಅಲ್ಟ್ರಾಮ್ಯಾನ್’ನ 30ನೇ ಕಂತನ್ನೇ ನೋಡಿ. ಹಿಮದ ಊರಿನಲ್ಲಿ ಎಲ್ಲರ ಹಂಗಿಸುವಿಕೆಗೆ ಗುರಿಯಾದ ತಬ್ಬಲಿ ಹುಡುಗಿ ಯುಕಿ, ಕಷ್ಟ ಬಂದಾಗ ‘ವೂ’ ಎಂದು ಕೂಗುತ್ತಾಳೆ. ಬೆಟ್ಟದಷ್ಟು ಎತ್ತರದ ಬಿಳಿ ರೋಮದ ಪ್ರಾಣಿ ಪ್ರತ್ಯಕ್ಷವಾಗುತ್ತದೆ. ಇಲ್ಲಿ ನಾಯಕ ಅಲ್ಟ್ರಾಮ್ಯಾನ್ ಆ ದೈತ್ಯನನ್ನು ಗೆಲ್ಲಲಿ ಎಂದು ನೋಡುಗನ ಮನಸ್ಸು ಬಯಸುವುದೇ ಇಲ್ಲ. ಮಕ್ಕಳ ಕಾರ್ಯಕ್ರಮವೊಂದರಲ್ಲಿ, ಅದೂ ಹೊಡೆದಾಟವೇ ಬಂಡವಾಳವಾಗಿದ್ದಲ್ಲಿ, ಇದನ್ನು ಸಾಧಿಸುವುದು ಸಣ್ಣ ಮಾತಲ್ಲ. ಕೊನೆಯ 39ನೇ ಕಂತಿನಲ್ಲಂತೂ ಅವರು ದೈತ್ಯ ಜೆಟ್ಟನ್‌ನ ಕೈಯಲ್ಲಿ ಅಲ್ಟ್ರಾಮ್ಯಾನ್‌ನನ್ನೇ ಸೋಲಿಸಿದರು. ಆ ಜೆಟ್ಟನ್‌ನನ್ನು ಕೊಂದವರು ಭೂಮಿಯ ಸಾಮಾನ್ಯ ಮನುಷ್ಯರು.

1968ರಲ್ಲಿ ದೊಡ್ಡವರಿಗಾಗಿ ರೂಪಿಸಿದ ‘ಮೈಟಿ ಜ್ಯಾಕ್’ ಧಾರಾವಾಹಿ ನೋಡುಗರನ್ನು ಗಳಿಸಲಿಲ್ಲ. ಮರುವರ್ಷ ಕಿಂಜೋ ಕೆಲಸ ಬಿಟ್ಟು ಓಕಿನಾವಾಕ್ಕೆ ಮರಳಿದರು. ಅಲ್ಲಿ ರೇಡಿಯೋದಲ್ಲಿ ಮಾತನಾಡಿದರು, ಸ್ಥಳೀಯ ರಂಗಭೂಮಿಗೆ ನಾಟಕ ಬರೆದರು, 1975ರ ಸಾಗರ ವಸ್ತುಪ್ರದರ್ಶನದ ಸಮಾರಂಭಗಳನ್ನು ಸಂಯೋಜಿಸುವ ಹೊಣೆಯನ್ನೂ ಹೊತ್ತರು. ಕುಡಿತ ಹೆಚ್ಚಿತ್ತು. ಮನೆಯ ಎರಡನೆಯ ಅಂತಸ್ತಿನಲ್ಲಿದ್ದ ಬರವಣಿಗೆಯ ಕೋಣೆಗೆ ಹೊರಗಿನಿಂದಲೇ ಹತ್ತಿ ಹೋಗಲು ಯತ್ನಿಸಿ, ಕಾಲು ಜಾರಿ ಬಿದ್ದ ಅವರು 1976ರ ಫೆಬ್ರವರಿ 26ರಂದು ತೀರಿಕೊಂಡರು. ಆಗ ಅವರಿಗೆ 37 ವರ್ಷ.

(ತೆರೆಯ ಮೇಲೆ: ಒಂದು ಮೇಜು, ಕಾಗದಗಳು.)

ಹಾಎಬಾರು ಎಂಬ ಊರಿನಲ್ಲಿ, ಅವರ ಕುಟುಂಬ ನಡೆಸುವ ಊಟದ ಮನೆಯ ಆವರಣದಲ್ಲಿ, ಆ ಕೋಣೆಯನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿದ್ದಾರೆ.