ಹದಿನಾರರಲ್ಲಿ ಒಂದು ಸೆಲ್ ಸೋತರೆ

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ದೋಣಿ ಅಂದ ಕೂಡಲೇ ಎಲ್ಲರೂ ಕೇಳುವುದು ಮೋಟಾರಿನ ಬಗ್ಗೆ. ಎಷ್ಟು ಕಿಲೋವ್ಯಾಟ್, ಎಷ್ಟು ಸ್ಪೀಡು? ನಾನು ಇವತ್ತು ಮೋಟಾರಿನ ಸುದ್ದಿಗೇ ಹೋಗುವುದಿಲ್ಲ. ಬ್ಯಾಟರಿ ಪೆಟ್ಟಿಗೆಯೊಳಗೆ ಕೂತ ಸೆಲ್‌ಗಳದ್ದೇ ಮಾತು.

ಇದು ಹೊಸ ಹುಚ್ಚೇನಲ್ಲ. ಪಕ್ಕದ ಕೇರಳದಲ್ಲಿ ವೈಕಂ–ತವಣಕಡವು ದಾರಿಗೆ 75 ಜನ ಕೂರುವ ಸೋಲಾರ್ ಬೋಟು ‘ಆದಿತ್ಯ’ 2017ರಲ್ಲೇ ಇಳಿಯಿತು. 2023ರಲ್ಲಿ ಕೊಚ್ಚಿ ವಾಟರ್ ಮೆಟ್ರೊ ಶುರುವಾಯಿತು. ಆ ಬೋಟುಗಳಲ್ಲಿರುವುದು ಲಿಥಿಯಂ ಟೈಟನೇಟ್ ಸೆಲ್. ಬೇಗ ಚಾರ್ಜ್ ಆಗುತ್ತದೆ, ಬೆಲೆಯೂ ಜಾಸ್ತಿ. ಸಣ್ಣ ದೋಣಿಗೆ ನಮ್ಮ ಕೈಗೆಟುಕುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ನಾನು ಹೇಳುವ ಲೆಕ್ಕವೆಲ್ಲ ಅದರದ್ದು.

ಒಂದು ಸೆಲ್ 3.2 ವೋಲ್ಟ್. ಹದಿನಾರನ್ನು ಸೀರೀಸ್‌ನಲ್ಲಿ ಜೋಡಿಸಿದರೆ 51.2. ಯಾವ ಸೆಲ್ಲೂ 3.65 ದಾಟಿ ಏರಬಾರದು, 2.5ಕ್ಕಿಂತ ಕೆಳಗೆ ಇಳಿಯಬಾರದು. ಇದನ್ನು ಕಾಯುವುದು ಬಿಎಂಎಸ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ ಅನ್ನುವ ಸರ್ಕ್ಯೂಟ್. ಒಂದೇ ಒಂದು ಸೆಲ್ ಗೆರೆ ದಾಟಿದರೂ ಇಡೀ ಪ್ಯಾಕ್ ಬಂದ್. ರಸ್ತೆಯಲ್ಲಿ ಸ್ಕೂಟರ್ ಹೀಗೆ ನಿಂತರೆ ತಳ್ಳಿಕೊಂಡು ಹೋಗಬಹುದು. ಅಳಿವೆಯಲ್ಲಿ, ಇಳಿತದ ಸೆಳೆತದ ನಡುವೆ ಮೋಟಾರ್ ನಿಂತರೆ?

ಈಗ ಮೀಟರ್ ನೋಡಿ. ಹದಿನೈದು ಸೆಲ್ 3.1ರಲ್ಲಿವೆ, ಒಂದು ಮಾತ್ರ 2.5ಕ್ಕೆ ಬಿದ್ದಿದೆ. ಒಟ್ಟು 49 ವೋಲ್ಟ್. ಓಡಿಸುವವನ ಕಣ್ಣಿಗೆ ಇನ್ನೂ ಪರವಾಗಿಲ್ಲ ಅನ್ನಿಸುವ ಅಂಕಿ. ಅಷ್ಟರಲ್ಲಿ ಬಿಎಂಎಸ್ ಕಡಿದುಬಿಡುತ್ತದೆ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಒಟ್ಟು ವೋಲ್ಟೇಜ್ ಮಾತ್ರ ಇದ್ದರೆ ಸಾಲದು. ಎಲ್ಲಕ್ಕಿಂತ ಕೆಳಗಿರುವ ಸೆಲ್ ಎಷ್ಟರಲ್ಲಿದೆ ಅಂತ ಕಾಣಬೇಕು. ಅದು 3 ವೋಲ್ಟಿನ ಹತ್ತಿರ ಬಂದಾಗಲೇ ಬಜರ್ ಕೂಗಬೇಕು. ಆಗ ವೇಗ ಇಳಿಸಿ ದಡ ಸೇರಬಹುದು.

ಸರಿ, ಸೆಲ್‌ಗಳನ್ನು ಸಮ ಮಾಡುವುದು ಹೇಗೆ? ಎಲ್‌ಎಫ್‌ಪಿಯ ತೊಂದರೆ ಅಂದರೆ, ಕಾಲುಭಾಗ ತುಂಬಿರಲಿ, ಮುಕ್ಕಾಲು ತುಂಬಿರಲಿ, ವೋಲ್ಟೇಜ್ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ. ನಡುವೆ ನೋಡಿ ಎಲ್ಲ ಸಮ ಇವೆ ಅಂದುಕೊಂಡರೆ ಕೆಟ್ಟಿರಿ. ವ್ಯತ್ಯಾಸ ಬಯಲಾಗುವುದು ತುದಿಯಲ್ಲಿ, ಅಂದರೆ ಪೂರ್ತಿ ತುಂಬುವ ಅಥವಾ ಖಾಲಿಯಾಗುವ ಹೊತ್ತಿಗೆ. ಅದಕ್ಕೇ ಬ್ಯಾಲೆನ್ಸಿಂಗ್ ಸುಮಾರು 3.4 ವೋಲ್ಟ್ ದಾಟಿದ ಮೇಲೆ ಮಾತ್ರ ಶುರುವಾಗುವಂತೆ ಸೆಟ್ ಮಾಡಿ. ನಡುವೆಯೇ ಓಡಲು ಬಿಟ್ಟರೆ ಸಮ ಇದ್ದದ್ದನ್ನೂ ಅದೇ ಕೆಡಿಸುತ್ತದೆ.

280 ಆಂಪ್ ಅವರ್ ಸೆಲ್ ತೆಗೆದುಕೊಳ್ಳಿ. ಒಂದು ಸೆಲ್ 5 ಶೇಕಡಾ ಹೆಚ್ಚು ತುಂಬಿದೆ ಅಂದರೆ 14 ಆಂಪ್ ಅವರ್ ಜಾಸ್ತಿ. ರೆಸಿಸ್ಟರಿನಲ್ಲಿ ಸುಟ್ಟು ಸಮ ಮಾಡುವ ಅಗ್ಗದ ಬಿಎಂಎಸ್ 100 ಮಿಲಿಆಂಪ್ ಎಳೆದರೆ 140 ಗಂಟೆ ಬೇಕು! ಅದೂ ತುಂಬುವ ತುದಿ ಮುಟ್ಟಿದಾಗ ಮಾತ್ರ. ಸೋಲಾರ್ ದೋಣಿ ದಿನವೂ ಪೂರ್ತಿ ತುಂಬುವುದಿಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಹೆಚ್ಚಿದ್ದನ್ನು ಸುಡದೆ ಕಡಿಮೆ ಇರುವ ಸೆಲ್ಲಿಗೆ ಸಾಗಿಸುವ 2 ಆಂಪಿನ ಆಕ್ಟಿವ್ ಬ್ಯಾಲೆನ್ಸರ್ ಇದೇ ಕೆಲಸವನ್ನು ಏಳು ಗಂಟೆಯಲ್ಲಿ ಮುಗಿಸುತ್ತದೆ. ಸೋಲಾರ್ ಇದ್ದರೂ ಆಗಾಗ ಕರೆಂಟಿಗೆ ಹಾಕಿ ಪೂರ್ತಿ ತುಂಬಿಸಿ, ಸ್ವಲ್ಪ ಹೊತ್ತು ಹಾಗೇ ಬಿಡಿ.

ಹೊಸ ಪ್ಯಾಕ್ ಕಟ್ಟುವಾಗ ಎಲ್ಲ ಸೆಲ್‌ಗಳನ್ನೂ ಪ್ಯಾರಲಲ್, ಅಂದರೆ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಜೋಡಿಸಿ 3.65ಕ್ಕೆ ತುಂಬಿಸುವುದು ಒಳ್ಳೆಯ ಕ್ರಮ. ಆದರೆ ಅರ್ಧ ಖಾಲಿ ಇರುವ ಹದಿನಾರು ಸೆಲ್‌ಗೆ 10 ಆಂಪಿನ ಸಪ್ಲೈ ಹಚ್ಚಿದರೆ ಒಂಬತ್ತು ದಿನಕ್ಕೂ ಜಾಸ್ತಿ ಹಿಡಿಯುತ್ತದೆ. ಮೊದಲು ಬಿಎಂಎಸ್ ಹಾಕಿ ಸೀರೀಸ್‌ನಲ್ಲೇ ಚಾರ್ಜ್ ಮಾಡಿ, ಆಮೇಲೆ ಬಿಚ್ಚಿ ಪ್ಯಾರಲಲ್ ಮಾಡಿ.

ಇನ್ನೊಂದು ವಿಷಯ, ಇದು ಸಮುದ್ರದವರಿಗೆ. ಮೋಟಾರ್ ಓಡುವಾಗ ಒಂದು ಸೆಲ್ ಕೆಳಗೆ, ಚಾರ್ಜ್ ಮಾಡುವಾಗ ಅದೇ ಸೆಲ್ ಮೇಲೆ, ಸುಮ್ನೆ ಬಿಟ್ಟಾಗ ಎಲ್ಲ ಸಮ. ಹೀಗಿದ್ದರೆ ಬ್ಯಾಲೆನ್ಸರನ್ನು ಬೈಯಬೇಡಿ. ಮೊದಲು ನಟ್ಟು ನೋಡಿ. ಉಪ್ಪುಗಾಳಿಗೆ ಬಸ್‌ಬಾರ್, ಅಂದರೆ ಸೆಲ್ಲಿನಿಂದ ಸೆಲ್ಲಿಗೆ ಜೋಡಿಸುವ ಲೋಹದ ಪಟ್ಟಿ, ಕಪ್ಪಾಗುತ್ತದೆ, ಅಲೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ. ಲೋಡ್ ಇರುವಾಗ ಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ಟರ್ಮಿನಲ್ ಮೇಲೆ, ಇನ್ನೊಂದನ್ನು ಬಸ್‌ಬಾರ್ ಮೇಲೆ ಇಡಿ. ಬೇರೆ ಜಾಯಿಂಟ್‌ಗಳಿಗಿಂತ ಅಲ್ಲಿ ಜಾಸ್ತಿ ಮಿಲಿವೋಲ್ಟ್ ಕಂಡರೆ ಕಳ್ಳ ಅಲ್ಲೇ ಇದ್ದಾನೆ. ಅದು ಬಿಸಿಯಾಗುವ ಜಾಗವೂ ಹೌದು.

ಮೇಜಿನ ಮೇಲೆ ನಾಲ್ಕು ಸೆಲ್ ಜೋಡಿಸಿಟ್ಟಿದ್ದೇನೆ, ಲೋಡಿಗೆ ಒಂದು ಕಾರಿನ ಹೆಡ್‌ಲೈಟ್ ಬಲ್ಬ್ ಇದೆ. ಒಂದು ನಟ್ಟನ್ನು ಬೇಕಂತಲೇ ಸಡಿಲ ಬಿಟ್ಟಿದ್ದೇನೆ. ಬನ್ನಿ, ಯಾವುದು ಅಂತ ಮೀಟರ್ ಹಿಡಿದು ನೀವೇ ಹುಡುಕಿ.