ಆ ಕೇಸ್ ಪೇಪರಿನ ಝೆರಾಕ್ಸ್

ಕೇಳುಗರಿಗೆ ನಮಸ್ಕಾರ.

ನನ್ನ ತಮ್ಮ ಮುಂಬೈಯ ಘಾಟ್‌ಕೋಪರಿನ ಒಂದು ಉಡುಪಿ ಹೋಟೆಲಿನಲ್ಲಿ ಹದಿನೇಳು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಬೆಳಿಗ್ಗೆ ಕಾವಲಿ ಬಿಸಿಯಾಯಿತು ಅಂದರೆ ಮಧ್ಯಾಹ್ನದವರೆಗೆ ಕೂರುವ ಮಾತೇ ಇಲ್ಲ. ಒಂದು ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಹತ್ತಿರದ ನರ್ಸಿಂಗ್ ಹೋಮಿಗೆ ಹೋದ. ಸೊಂಟದ ಕೆಳಗೆ ಒಂದು ಇಂಜೆಕ್ಷನ್ ಕೊಟ್ಟರು. ಸೂಜಿ ಚುಚ್ಚಿದ ಕೂಡಲೇ ಕರೆಂಟ್ ಹೊಡೆದ ಹಾಗೆ ನೋವು ಪಾದದವರೆಗೆ ಇಳಿಯಿತು. ಅವನು ಕಿರುಚಿಕೊಂಡ. "ಸ್ವಲ್ಪ ಉರಿಯುತ್ತೆ, ಸರಿಹೋಗುತ್ತೆ" ಅಂತ ಹೇಳಿ ಕಳಿಸಿದರು.

ಅವತ್ತು ಸಂಜೆ ಮುಲುಂಡಿನ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಬಲಗಾಲಿನ ಚಪ್ಪಲಿ ಎಲ್ಲಿ?" ಅಂದ. ನಾನು ಇಳಿದು ನೋಡಿದೆ. ಚಪ್ಪಲಿ ಕೆಳಗಿನ ಎರಡನೇ ಮೆಟ್ಟಿಲಲ್ಲಿ ಬಿದ್ದಿತ್ತು. ಅದು ಕಾಲಿನಿಂದ ಜಾರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಇದಕ್ಕೆ ಡಾಕ್ಟರುಗಳು ಫುಟ್ ಡ್ರಾಪ್ ಅನ್ನುತ್ತಾರೆ. ಪಾದ ಮೇಲಕ್ಕೆ ಎತ್ತಲು ಆಗುವುದಿಲ್ಲ, ಜೋತು ಬೀಳುತ್ತದೆ. ಪೃಷ್ಠದ ಒಳಗೆ ಕಾಲಿಗೆ ಹೋಗುವ ದಪ್ಪ ನರ ಒಂದಿದೆ, ಸಯಾಟಿಕ್ ನರ. ಅದಕ್ಕೆ ತಾಗಬಾರದು ಅಂತಲೇ ಇಂಜೆಕ್ಷನ್ನನ್ನು ಪೃಷ್ಠದ ಮೇಲ್ಭಾಗದಲ್ಲಿ, ಹೊರಗಿನ ಬದಿಗೆ ಕೊಡಬೇಕು. ನರ್ಸಿಂಗ್ ಕಲಿಯುವ ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು.

ನಾನು ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು. ಕಾನೂನು ಗೊತ್ತಿರಲಿಲ್ಲ, ಕಾಗದದ ಬೆಲೆ ಗೊತ್ತಿತ್ತು. ಮೂರನೇ ದಿನ ಆ ನರ್ಸಿಂಗ್ ಹೋಮಿಗೆ ಹೋಗಿ ಕೇಸ್ ಪೇಪರಿನ, ಅಂದರೆ ರೋಗಿಗೆ ಕೊಟ್ಟ ಚಿಕಿತ್ಸೆ ಬರೆದಿಡುವ ಹಾಳೆಯ, ಪ್ರತಿ ಕೊಡಿ ಅಂದೆ. ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ ಅಂದರು. ಮರುದಿನ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಂಡು ಹೋದೆ. ಇನ್ನೊಂದು ಪ್ರತಿಯ ಮೇಲೆ ಅವರ ಸಹಿ ಮತ್ತು ತಾರೀಕು ಹಾಕಿಸಿಕೊಂಡೆ. ಆಗ ಝೆರಾಕ್ಸ್ ಬಂತು. ಒಂದೇ ಹಾಳೆ. ಜ್ವರ, ಔಷಧದ ಹೆಸರು, "ಇಂಜೆಕ್ಷನ್ ಕೊಡಲಾಗಿದೆ" ಅಂತ ಒಂದು ಸಾಲು, ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದ ವಿಷಯಕ್ಕೆ ಮತ್ತೆ ಬರುತ್ತೇನೆ, ಮರೆಯಬೇಡಿ.

ಪೇಪರ್ ಕೇಳಲು ನಮ್ಮವರು ತುಂಬಾ ಹೆದರುತ್ತಾರೆ. ಡಾಕ್ಟರ್ ಬೇಜಾರು ಮಾಡಿಕೊಂಡರೆ, ಮುಂದೆ ನೋಡದಿದ್ದರೆ ಅಂತ. ಹೆದರಬೇಡಿ, ಅದು ನಿಮ್ಮ ಹಕ್ಕು. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮಗಳಲ್ಲೇ ಇದೆ: ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆಯ ಪ್ರತಿ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು. ನಮ್ಮ ಬಾಂಬೆ ಹೈಕೋರ್ಟ್ 1996ರಷ್ಟು ಹಿಂದೆಯೇ ಹೇಳಿದೆ, ಖರ್ಚು ತೆಗೆದುಕೊಂಡು ಆಸ್ಪತ್ರೆಗಳು ಕೇಸ್ ಪೇಪರಿನ ಪ್ರತಿ ಕೊಡಲೇಬೇಕು ಅಂತ. ಬಾಯಲ್ಲಿ ಕೇಳಿದರೆ ಸಾಲದು, ಬರೆದು ಕೇಳಿ. ಕೈಗೆ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಮೊದಲು ಚಿಕಿತ್ಸೆ ನೋಡಿಕೊಂಡೆವು. ಮೂರು ವಾರ ಕಳೆದ ಮೇಲೆ ನರದ ಪರೀಕ್ಷೆ ಮಾಡಿಸಿದೆವು. ಅಷ್ಟು ದಿನ ಕಳೆಯದೆ ನರದ ಪೆಟ್ಟು ಆ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ಬಲಗಾಲಿನ ಸಯಾಟಿಕ್ ನರಕ್ಕೆ ಏಟು ಬಿದ್ದಿದೆ ಅಂತ ರಿಪೋರ್ಟ್ ಬಂತು. ಪಾದಕ್ಕೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಫಿಸಿಯೋಥೆರಪಿ ಶುರುವಾಯಿತು. ನಿಂತು ಮಾಡುವ ಕೆಲಸ ಹೋಯಿತು.

ಇಲ್ಲಿ ಒಂದು ಮಾತು. ಚಿಕಿತ್ಸೆ ಫಲ ಕೊಡಲಿಲ್ಲ ಅನ್ನುವುದಷ್ಟಕ್ಕೇ ಡಾಕ್ಟರ ತಪ್ಪು ಅಂತ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಬಿಡಿಸಿ ಹೇಳಿದೆ. ಅದೇ ಕಸುಬಿನ ಒಬ್ಬ ಸಾಧಾರಣ ಜಾಣ ಡಾಕ್ಟರು ವಹಿಸುವ ಎಚ್ಚರಿಕೆಯನ್ನು ಇವರು ವಹಿಸಿದರಾ, ಅದನ್ನು ನೋಡಬೇಕು. ಕ್ರಿಮಿನಲ್ ಕೇಸಿಗೆ ಇನ್ನೂ ದೊಡ್ಡ ನಿರ್ಲಕ್ಷ್ಯ ಬೇಕು. ನೆಂಟರೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗೋಣ, ಗಲಾಟೆ ಮಾಡೋಣ ಅಂದರು. ನಾನು ಬೇಡವೇ ಬೇಡ ಅಂದೆ. ನಮಗೆ ಬೇಕಾಗಿದ್ದು ತಮ್ಮನ ಸಂಸಾರ ನಡೆಯುವ ದಾರಿ.

ಈ ವಿಷಯದಲ್ಲಿ ನಮ್ಮ ಪುಣೆಯದೇ ಒಂದು ಹಳೆಯ ಕೇಸ್ ಇದೆ. 1953ರ ಮೇ ತಿಂಗಳು. ರತ್ನಾಗಿರಿ ಜಿಲ್ಲೆಯ ಪಾಲಶೇತ್ ಕಡಲತೀರದಲ್ಲಿ ಒಬ್ಬ ಹುಡುಗ ಬಿದ್ದು ಎಡತೊಡೆಯ ಮೂಳೆ ಮುರಿಯಿತು. ಮರದ ಹಲಗೆ ಕಟ್ಟಿ, ಟ್ಯಾಕ್ಸಿಯಲ್ಲಿ ಪುಣೆಗೆ ಕರೆತಂದರು. ಅಲ್ಲಿ ಸರಿಯಾಗಿ ಅರಿವಳಿಕೆ ಕೊಡದೆ ಮೂಳೆ ಎಳೆದು ಕೂರಿಸಿದರು. ಹುಡುಗ ಅದೇ ದಿನ ರಾತ್ರಿ ತೀರಿಕೊಂಡ. ಅಪ್ಪ, ಅವರೂ ಒಬ್ಬ ಡಾಕ್ಟರು, ಕೇಸ್ ಹಾಕಿದರು. ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 1968ರಲ್ಲಿ. ಪರಿಹಾರ ಮೂರು ಸಾವಿರ ರೂಪಾಯಿ. ಮೊತ್ತ ಚಿಕ್ಕದು. ಆದರೆ ಈ ರೋಗಿಯನ್ನು ತೆಗೆದುಕೊಳ್ಳಬೇಕೇ, ಯಾವ ಚಿಕಿತ್ಸೆ ಕೊಡಬೇಕು, ಅದನ್ನು ಹೇಗೆ ಕೊಡಬೇಕು, ಈ ಮೂರರಲ್ಲೂ ಡಾಕ್ಟರಿಗೆ ಜವಾಬ್ದಾರಿ ಇದೆ ಅಂತ ಆ ತೀರ್ಪು ಹೇಳಿತು. ಇವತ್ತಿಗೂ ವಕೀಲರು ಅದನ್ನು ಓದಿ ಹೇಳುತ್ತಾರೆ. ಆ ಅಪ್ಪನನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಹದಿನೈದು ವರ್ಷ!

ಈಗ ಅಷ್ಟು ಕಷ್ಟವಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಡಾಕ್ಟರ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂದಿತು. ಹಣ ಕೊಟ್ಟು, ಅಥವಾ ವಿಮೆಯವರು ಹಣ ಕೊಟ್ಟು ಪಡೆದ ಚಿಕಿತ್ಸೆ ಆಗಿರಬೇಕು. ಎಲ್ಲರಿಗೂ ಪೂರಾ ಪುಕ್ಕಟೆಯಾಗಿ ನೋಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕ ಆಯೋಗಕ್ಕೆ ಹೋಗಲಾಗದು, ಸಿವಿಲ್ ಕೋರ್ಟಿಗೆ ಹೋಗಬೇಕು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಒಬ್ಬ ಬಾಣಂತಿಯ ಹೊಟ್ಟೆಯೊಳಗೆ ಟವೆಲ್ ಬಿಟ್ಟು ಹೊಲಿದಿದ್ದರು. ಆ ತಾಯಿ ಉಳಿಯಲಿಲ್ಲ. ಅದಕ್ಕೆ ಸರ್ಕಾರವೇ ಹೊಣೆ ಅಂತ ಕೊನೆಗೆ 1996ರಲ್ಲಿ ತೀರ್ಪಾಯಿತು.

ಮುಂಬೈಯ ನಮ್ಮಂಥವರಿಗೆ ಬಹಳ ಉಪಯೋಗದ ಒಂದು ಸಂಗತಿ ಹೇಳುತ್ತೇನೆ. ನಾವು ಆಪರೇಷನ್ ಅಂದರೆ ಊರಿಗೆ ಓಡುತ್ತೇವೆ ಅಲ್ವಾ, ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಂತ. ಅಲ್ಲಿ ಏನಾದರೂ ತಪ್ಪಾದರೆ ಪ್ರತಿ ತಾರೀಕಿಗೂ ಊರಿಗೆ ಹೋಗಬೇಕಲ್ಲ ಅಂತ ಜನ ಕೈಬಿಡುತ್ತಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನಲ್ಲಿ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಮಣಿಪಾಲದಲ್ಲಿ ಆಗಿದ್ದರೂ ನೀವು ಡೊಂಬಿವಲಿಯಲ್ಲಿ ಇದ್ದರೆ ಠಾಣೆ ಜಿಲ್ಲೆಯಲ್ಲೇ ಹಾಕಬಹುದು.

ಶುಲ್ಕದ ವಿಷಯವೂ ಹಾಗೆಯೇ. ಹತ್ತು ಲಕ್ಷ ಕೇಳಿದರೆ ಫೀಸು ಜಾಸ್ತಿಯಾಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಈಗ ಲೆಕ್ಕ ನೋಡುವುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ. ಅದು ಐದು ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ನನ್ನ ತಮ್ಮ ಕಟ್ಟಿದ್ದು 1,850 ರೂಪಾಯಿ. ಐವತ್ತು ಲಕ್ಷದವರೆಗೆ ಜಿಲ್ಲಾ ಆಯೋಗವೇ ನೋಡುತ್ತದೆ. ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ವಕೀಲರು ಬೇಕು, ಕೈಯಲ್ಲಿ ಹಣವಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಪುಕ್ಕಟೆ ನೆರವು ಸಿಗುತ್ತದೆ. 1975ರಿಂದ ಕೆಲಸ ಮಾಡುತ್ತಿರುವ ಮುಂಬೈ ಗ್ರಾಹಕ ಪಂಚಾಯತ್ ಕೂಡ ಸಲಹೆ ಕೊಡುತ್ತದೆ.

ಗಡುವು ಎರಡು ವರ್ಷ. ತಡವಾದರೆ ಗಟ್ಟಿ ಕಾರಣ ತೋರಿಸಬೇಕು, ಒಪ್ಪುವುದು ಬಿಡುವುದು ಆಯೋಗಕ್ಕೆ ಸೇರಿದ್ದು. ನಾವು ಇವತ್ತು ನಾಳೆ ಅಂತ ಎಳೆದು, ಇನ್ನು ಏಳು ವಾರ ಬಾಕಿ ಇದ್ದಾಗ ಹಾಕಿದೆವು. ಹಾಗೆ ಮಾಡಬಾರದಿತ್ತು.

ಎಳೆದದ್ದಕ್ಕೆ ಒಂದು ಕಾರಣ ಸಂಬಳ. ಪರಿಹಾರ ಕೇಳಬೇಕಾದರೆ ದುಡಿಮೆ ಎಷ್ಟಿತ್ತು ಅಂತ ತೋರಿಸಬೇಕು. ಹೋಟೆಲ್ ಕೆಲಸದವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕೈಗೆ ನಗದು, ಊಟ ಅಲ್ಲೇ, ಮಲಗುವುದೂ ಅಲ್ಲೇ. ಮಾಲೀಕರು ಒಳ್ಳೆಯವರು. ಆದರೆ ಅಫಿಡವಿಟ್ ಅಂದ ಕೂಡಲೇ ಹಿಂದೇಟು ಹಾಕಿದರು, ತನ್ನ ಮೇಲೇ ಏನಾದರೂ ಬಂದರೆ ಅಂತ. ನಾನು ಅವರ ಮನೆಗೆ ಹೋಗಿ ಅವರ ಹೆಂಡತಿಯ ಹತ್ತಿರ ಮಾತಾಡಿದೆ. "ಅವನು ಹಾಕಿದ ದೋಸೆ ತಿಂದೇ ನಮ್ಮ ಮಕ್ಕಳು ದೊಡ್ಡವರಾಗಿದ್ದು" ಅಂದರು ಆಕೆ. ಮಾರನೇ ದಿನ ಸಹಿ ಆಯಿತು. ಜೊತೆಗೆ ತಮ್ಮ ಪ್ರತಿ ತಿಂಗಳು ಊರಿನಲ್ಲಿದ್ದ ಹೆಂಡತಿಯ ಖಾತೆಗೆ ಹಾಕುತ್ತಿದ್ದ ಹಣ ಅವಳ ಪಾಸ್‌ಬುಕ್ಕಿನಲ್ಲಿ ಸಾಲಾಗಿ ಇತ್ತು. ಸೂಜಿ ಚುಚ್ಚಿದ ತಿಂಗಳಿಗೆ ಆ ಸಾಲು ನಿಂತಿತ್ತು.

ಬಾಂದ್ರಾ ಪೂರ್ವದ ಆಯೋಗಕ್ಕೆ ಮುಲುಂಡಿನಿಂದ ದಾದರಿಗೆ ಹೋಗಿ ಲೋಕಲ್ ಬದಲಿಸಬೇಕು. ದಾದರಿನ ಸೇತುವೆಯ ಮೆಟ್ಟಿಲುಗಳಲ್ಲಿ ಅವನು ಪ್ರತಿ ಹೆಜ್ಜೆಗೂ ಮಂಡಿಯನ್ನು ಎತ್ತರಕ್ಕೆ ಎತ್ತಿ, ಪಾದವನ್ನು ಪಟ್ ಅಂತ ಇಡುತ್ತಿದ್ದ. ಹಿಂದಿನಿಂದ ಜನ "ಚಲೋ, ಚಲೋ" ಅಂತ ನೂಕುತ್ತಿದ್ದರು. ಹೋದರೆ ಮುಂದಿನ ತಾರೀಕು. ವಿಮಾ ಕಂಪನಿಯ ವಕೀಲರು ಒಮ್ಮೆ ಬಂದರೆ ಒಮ್ಮೆ ಬರುತ್ತಿರಲಿಲ್ಲ. ಡಾಕ್ಟರುಗಳು ಇಂಥದ್ದಕ್ಕೆಂದೇ ವಿಮೆ ಮಾಡಿಸಿರುತ್ತಾರೆ, ಹಾಗಾಗಿ ಆ ಕಂಪನಿಯನ್ನೂ ಕೇಸಿನಲ್ಲಿ ಸೇರಿಸಿದ್ದೆವು. ಅಷ್ಟೂ ಹೊತ್ತು ಕಾಯುವಾಗ ಯಾರೋ ರಾಜಿಗೆ ಕಳಿಸಿ ಅಂದರು. ದೊಡ್ಡ ಗಾಯ ಅಥವಾ ಸಾವು ಆದ ವೈದ್ಯಕೀಯ ನಿರ್ಲಕ್ಷ್ಯದ ಕೇಸುಗಳನ್ನು ಆಯೋಗ ಮಧ್ಯಸ್ಥಿಕೆಗೆ ಕಳಿಸುವ ಹಾಗಿಲ್ಲ ಅಂತ 2020ರ ನಿಯಮದಲ್ಲೇ ಇದೆ ಎಂದು ಆಮೇಲೆ ತಿಳಿಯಿತು.

ಎದುರಿನವರ ಉತ್ತರ ಬಂತು. ರೋಗಿಗೆ ಸಕ್ಕರೆ ಕಾಯಿಲೆ ಇದೆ, ಕಾಲು ಅದರಿಂದ ಹೋಗಿದೆ ಅಂತ. ಸಕ್ಕರೆ ಇದ್ದದ್ದು ನಿಜ. ಆದರೆ ಸಕ್ಕರೆಯಿಂದ ಹಾಳಾಗುವ ನರ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ, ನಿಧಾನವಾಗಿ ಹಾಳಾಗುತ್ತದೆ. ಇದು ಒಂದೇ ಕಾಲು, ಒಂದೇ ದಿನ. ನರರೋಗದ ಡಾಕ್ಟರು ಅದನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟರು. ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಕಡ್ಡಾಯವಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ಸಿಕ್ಕಿದರೆ ಬಿಡಬೇಡಿ. ಒಬ್ಬ ಡಾಕ್ಟರ ತಪ್ಪನ್ನು ಇನ್ನೊಬ್ಬ ಡಾಕ್ಟರು ಬರೆದುಕೊಡುವುದು ಸಣ್ಣ ಮಾತಲ್ಲ. ಅವರಿಗೆ ನಾನು ಇವತ್ತಿಗೂ ಋಣಿ.

ಉತ್ತರದ ಜೊತೆ ಅವರು ಕೇಸ್ ಪೇಪರನ್ನೂ ಲಗತ್ತಿಸಿದ್ದರು. ಅದೇ ಹಾಳೆ, ಅದೇ ಕೈಬರಹ. ಆದರೆ ಕೆಳಗೆ ಖಾಲಿ ಇದ್ದ ಜಾಗದಲ್ಲಿ ಈಗ ಒಂದು ಸಾಲು ಇತ್ತು: "ಇಂಜೆಕ್ಷನ್ ಕೊಡುವಾಗ ರೋಗಿ ಅಲುಗಾಡಿದ, ಎಚ್ಚರಿಕೆ ಹೇಳಲಾಗಿದೆ." ನಾನು ಮನೆಯಲ್ಲಿ ಎರಡೂ ಹಾಳೆಗಳನ್ನು ಟ್ಯೂಬ್‌ಲೈಟಿನ ಕೆಳಗೆ ಅಕ್ಕಪಕ್ಕ ಇಟ್ಟು ನೋಡಿದೆ. ಕೈ ನಡುಗಿತು. ನನ್ನ ಅರ್ಜಿಯ ಮೇಲೆ ಅವರದೇ ಸಹಿ ಇತ್ತು, ತಾರೀಕಿತ್ತು. ಆ ತಾರೀಕಿಗೆ ಆ ಸಾಲು ಹುಟ್ಟಿರಲಿಲ್ಲ.

ಆಯೋಗದ ಅಧ್ಯಕ್ಷರು ಎರಡೂ ಹಾಳೆ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ. ತೀರ್ಪಿನಲ್ಲಿ ಮಾತ್ರ ಅದರ ಬಗ್ಗೆ ಒಂದಿಡೀ ಪುಟ ಬರೆದಿದ್ದಾರೆ.

ನಾವು ಹನ್ನೆರಡು ಲಕ್ಷ ಕೇಳಿದ್ದೆವು. ಆರೂವರೆ ಲಕ್ಷ ಮತ್ತು ಬಡ್ಡಿ ಕೊಡಿ ಅಂತ ಆದೇಶವಾಯಿತು. ಫಿಸಿಯೋಥೆರಪಿಯ ಪ್ರತಿಯೊಂದು ರಸೀದಿ, ರಿಕ್ಷಾದ ಖರ್ಚು ಬರೆದ ಡೈರಿ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರು. ರಸೀದಿ ಕಳೆದುಕೊಂಡ ಆರು ತಿಂಗಳಿಗೆ ಮಾತ್ರ ಏನೂ ಸಿಗಲಿಲ್ಲ. ಎದುರಿನವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಿದ್ದಾರೆ. ಹಾಗೆ ಹಾಕಬೇಕಾದರೆ ಮೊತ್ತದ ಅರ್ಧವನ್ನು ಮೊದಲು ಕಟ್ಟಬೇಕು, ಅದನ್ನು ಕಟ್ಟಿದ್ದಾರೆ.

ತಮ್ಮ ಈಗ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾನೆ. ಹಿಂದೆ ಬೆಲ್ಟ್ ಇರುವ ಸ್ಯಾಂಡಲ್ ಹಾಕುತ್ತಾನೆ. ಮುಂದಿನ ತಾರೀಕು ಬರುವ ತಿಂಗಳು ಇದೆ. ಫೈಲ್ ದಪ್ಪವಾಗಿ ಎರಡಾಗಿದೆ. ಆ ಮೊದಲ ಝೆರಾಕ್ಸ್ ಹಾಳೆಗೆ ನಾನು ಪ್ಲಾಸ್ಟಿಕ್ ಕವರ್ ಹಾಕಿಸಿ ನನ್ನ ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತೇನೆ.

ನಮಸ್ಕಾರ.